ಕೆಡಿಸಿ ನೋಡುವ ಪರೀಕ್ಷೆ

ಪ್ರಶ್ನೆ: ಕಂಟೇನರ್‌ನಲ್ಲಿ ಓಡುವ ಆ್ಯಪ್ ಕೆಟ್ಟರೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂದು ಹೇಗೆ ಪರೀಕ್ಷಿಸುತ್ತಾರೆ?
– ಓದುಗರು, ಶಿರವಾಳ, ಶಹಾಪುರ ತಾಲ್ಲೂಕು

ಉತ್ತರ: ಬೇಕಂತಲೇ ಕೆಡಿಸಿ. ಆ್ಯಪ್‌ಗೆ ಪ್ರತಿ ಸೆಕೆಂಡೂ ಕೋರಿಕೆ ಕಳಿಸುತ್ತಲೇ ಒಂದು ಪಾಡ್ (ಕಂಟೇನರ್ ಓಡುವ ಪುಟ್ಟ ಘಟಕ) ಅಳಿಸುತ್ತಾರೆ. ಮೊದಲ ಉತ್ತರ ತಪ್ಪಿದಾಗಿನಿಂದ ಉತ್ತರಗಳು ಮತ್ತೆ ಸರಿಯಾಗಿ ಬರತೊಡಗುವವರೆಗಿನ ಹೊತ್ತೇ ಚೇತರಿಕೆಯ ಅವಧಿ. ಕಂಟೇನರ್ ಶುರುವಾದ ಹೊತ್ತನ್ನು ಮಾತ್ರ ನಂಬಬೇಡಿ; ಶುರುವಾದರೂ ಡೇಟಾಬೇಸ್ ಸಿಗದೆ ಅದು ಸುಮ್ಮನೆ ನಿಂತಿರಬಹುದು.

ಪಾಡ್ ಹೋದರೆ, ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ತಂತ್ರಾಂಶ ಸಾಮಾನ್ಯವಾಗಿ ಸೆಕೆಂಡುಗಳಲ್ಲೇ ಬದಲಿ ಎಬ್ಬಿಸುತ್ತದೆ. ಇಡೀ ಸರ್ವರ್ ಕೈಕೊಟ್ಟರೆ ಕಥೆ ಬೇರೆ: ಮೂಲ ಸೆಟ್ಟಿಂಗ್ ಬದಲಿಸದಿದ್ದರೆ, ಪಾಡ್‌ಗಳನ್ನು ಬೇರೆ ಕಡೆ ಎಬ್ಬಿಸಲು 5 ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ! ಹಣ ಪಾವತಿಯಂಥ ಸೇವೆಗೆ ಇದು ತೀರಾ ದೀರ್ಘ. ಹಾಗಾಗಿ ಸರ್ವರ್ ಕೆಡಿಸುವ ಪರೀಕ್ಷೆಯನ್ನು ಬಿಡಲೇಬಾರದು. ಬೆಂಗಳೂರಿನ ಎಂಜಿನಿಯರುಗಳ ದುಡಿಮೆಯಿರುವ, 2020ರಲ್ಲಿ ಸಿಎನ್‌ಸಿಎಫ್ (ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್) ಸೇರಿದ ಲಿಟ್ಮಸ್ ಕೇಯಾಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಎರಡೂ ಪರೀಕ್ಷೆಗಳು ಸಿದ್ಧವಾಗಿ ಸಿಗುತ್ತವೆ.