ಗಾಡಿ ನಿಲ್ಲಲೇಬೇಕಾಗಿದ್ದ ಊರು: ಮಿಸಿಸಿಪ್ಪಿಯ ಮೆರಿಡಿಯನ್

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಪೂರ್ವದ ಅಂಚಿನಲ್ಲಿ, ಅಲಬಾಮಾ ಗಡಿಗೆ ಹತ್ತಿರವಾಗಿ, ಮೆರಿಡಿಯನ್ ಎಂಬ ಊರಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 35,052 ಮಂದಿ. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದಷ್ಟು. ಇಂಥ ಊರು 1910 ಮತ್ತು 1920ರ ಜನಗಣತಿಗಳಲ್ಲಿ ಇಡೀ ರಾಜ್ಯಕ್ಕೇ ದೊಡ್ಡ ಊರಾಗಿತ್ತು, ರಾಜಧಾನಿ ಜಾಕ್ಸನ್‌ಗಿಂತಲೂ ದೊಡ್ಡದು. ಹೇಗೆ ಎಂದು ಕೇಳಿದರೆ ರೈಲು ಬಂತು, ಊರು ಬೆಳೆಯಿತು ಎಂಬ ಉತ್ತರ ಸಿಗುತ್ತದೆ. ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ರೈಲು ನೂರಾರು ಹಳ್ಳಿಗಳ ಮೂಲಕ ಹಾದುಹೋಯಿತು. ಬಹುಪಾಲು ಹಳ್ಳಿಗಳು ಹಳ್ಳಿಗಳಾಗಿಯೇ ಉಳಿದವು. ಮೆರಿಡಿಯನ್‌ಗೆ ಒದಗಿದ್ದು ರೈಲಿನ ಓಟಕ್ಕಿಂತ ಹೆಚ್ಚಾಗಿ ಅದರ ನಿಲುಗಡೆ. ಅಲ್ಲಿಗೆ ಬಂದ ಗಾಡಿ ನಿಲ್ಲಲೇಬೇಕಾಗಿತ್ತು. ಆ ಅನಿವಾರ್ಯ ಇದ್ದಷ್ಟು ಕಾಲ ಊರು ಹಿಗ್ಗಿತು, ಅದು ತಪ್ಪಿದ ಮೇಲೆ ಕುಗ್ಗಿತು. ಆ ನಿಲುಗಡೆಯ ಫಲ ಯಾರಿಗೆ ಎಷ್ಟು ದಕ್ಕಿತು ಎಂಬುದನ್ನು ಮಾತ್ರ ಹಳಿಗಳು ತೀರ್ಮಾನಿಸಲಿಲ್ಲ.

ಮೊದಲು ನೆಲವನ್ನು ನೋಡಬೇಕು. ಇಲ್ಲಿ ಹಡಗು ಓಡುವಂಥ ನದಿ ಇಲ್ಲ. ಸೊವಾಶಿ ಎಂಬ ಹಳ್ಳವೊಂದು ಹರಿಯುತ್ತದೆ. ಅದರಲ್ಲಿ ಹತ್ತಿಯ ಮೂಟೆಗಳನ್ನು ಸಾಗಿಸುವಂತಿರಲಿಲ್ಲ. ಸುತ್ತ ಕೆಮ್ಮಣ್ಣಿನ ಗುಡ್ಡಗಳು, ಪೈನ್ ಮರದ ಕಾಡು. ವಿಕ್ಸ್‌ಬರ್ಗ್‌ಗೆ ಮಿಸಿಸಿಪ್ಪಿ ನದಿಯಿತ್ತು, ಮೊಬೀಲ್‌ಗೆ ಕೊಲ್ಲಿಯಿತ್ತು, ನ್ಯಾಟ್ಚೆಸ್‌ಗೆ ಶ್ರೀಮಂತ ತೋಟಗಳಿದ್ದವು; ಇಲ್ಲಿ ಅಂಥದ್ದೇನೂ ಇರಲಿಲ್ಲ. ಈ ನೆಲ ಮೂಲನಿವಾಸಿಗಳಾದ ಚಾಕ್ಟಾ ಜನರದಾಗಿತ್ತು. 1830ರ ಡ್ಯಾನ್ಸಿಂಗ್ ರ‍್ಯಾಬಿಟ್ ಕ್ರೀಕ್ ಒಪ್ಪಂದದಲ್ಲಿ ಅವರಿಂದ ಅದನ್ನು ಕಿತ್ತುಕೊಂಡು, ಹೆಚ್ಚಿನವರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಮರುವರ್ಷ ರಿಚರ್ಡ್ ಮೆಕ್ಲೆಮೋರ್ ಎಂಬಾತ ಬಂದು ಇಲ್ಲಿ ನೆಲೆಸಿದ. ಮೊಬೀಲ್‌ನಿಂದ ಉತ್ತರಕ್ಕೆ ರೈಲು ಬರುತ್ತದೆ, ವಿಕ್ಸ್‌ಬರ್ಗ್ ಕಡೆಯಿಂದ ಇನ್ನೊಂದು ಹಳಿ ಬಂದು ಅದನ್ನು ಕೂಡುತ್ತದೆ ಎಂಬ ಸುದ್ದಿ ಹಿಡಿದು 1853ರಲ್ಲಿ ಲೂಯಿಸ್ ರ‍್ಯಾಗ್ಸ್‌ಡೇಲ್ ಮತ್ತು ಜಾನ್ ಬಾಲ್ ಎಂಬಿಬ್ಬರು ಅವನ ಜಮೀನು ಕೊಂಡರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಊರಿಗೆ ಯಾವ ಹೆಸರಿಡಬೇಕೆಂದು ಜಗಳ, ನಿಲ್ದಾಣ ಎಲ್ಲಿರಬೇಕೆಂದು ಜಗಳ. ಒಬ್ಬ ತನ್ನ ನಿವೇಶನಗಳನ್ನು ಹಳಿಗೆ ಸಮಾನಾಂತರವಾಗಿ ಗುರುತು ಹಾಕಿಸಿದರೆ ಇನ್ನೊಬ್ಬ ದಿಕ್ಸೂಚಿಯ ಪ್ರಕಾರ ಹಾಕಿಸಿದ. ಎರಡು ಬೀದಿಜಾಲಗಳು ಓರೆಯಾಗಿ ಒಂದಕ್ಕೊಂದು ತಗಲುವ ಜಾಗಗಳು ಇಂದಿಗೂ ಊರಿನ ನಕ್ಷೆಯಲ್ಲಿ ಉಳಿದಿವೆ. ಊರಿಗೆ ಊರೇ ರಿಯಲ್ ಎಸ್ಟೇಟಿನ ಒಂದು ಪಂದ್ಯವಾಗಿ ಶುರುವಾಯಿತು ಎಂದರೆ ತಪ್ಪಾಗದು. 1855ರಲ್ಲಿ ಮೊಬೀಲ್ ಅಂಡ್ ಓಹಾಯೊ ರೈಲು ಬಂತು. 1860ರಲ್ಲಿ ಊರಿಗೆ ಪಟ್ಟಣದ ಮಾನ್ಯತೆ ಸಿಕ್ಕಿತು. 1861ರಲ್ಲಿ ವಿಕ್ಸ್‌ಬರ್ಗ್ ಕಡೆಯ ಹಳಿ ಬಂದು ಸೇರಿತು.

ಅಷ್ಟರಲ್ಲಿ ಅಂತರ್ಯುದ್ಧ ಶುರುವಾಗಿತ್ತು. ಇನ್ನೂ ಸರಿಯಾಗಿ ಊರೂ ಆಗಿರದ ಈ ಜಾಗದ ಬೆಲೆ ಎಷ್ಟೆಂದು ಮೊದಲು ಅಳೆದವನು ಶತ್ರು ಸೇನಾಪತಿ. ಉತ್ತರದ ಜನರಲ್ ವಿಲಿಯಂ ಶರ್ಮನ್ 1864ರ ಫೆಬ್ರುವರಿ 3ರಂದು 20,000ಕ್ಕೂ ಹೆಚ್ಚು ಸೈನಿಕರೊಂದಿಗೆ ವಿಕ್ಸ್‌ಬರ್ಗ್‌ನಿಂದ ಹೊರಟು 14ರಂದು ಮೆರಿಡಿಯನ್ ತಲುಪಿದ. ಅಲ್ಲಿ ಗೆಲ್ಲಬೇಕಾದ ಕೋಟೆಯಿರಲಿಲ್ಲ. ಸೈನಿಕರು ಐದು ದಿನ ಹಳಿ ಕೀಳುವ ಕೆಲಸವನ್ನೇ ಮಾಡಿದರು. ಮರದ ಸ್ಲೀಪರುಗಳನ್ನು ರಾಶಿ ಹಾಕಿ ಬೆಂಕಿ ಹಚ್ಚಿ, ಕಂಬಿಗಳನ್ನು ಅದರ ಮೇಲಿಟ್ಟು ಕಾಯಿಸಿ, ಮರದ ಕಾಂಡಕ್ಕೆ ಸುತ್ತಿ ಬಾಗಿಸಿದರು. ಹಾಗೆ ತಿರುಚಿದ ಕಂಬಿಯನ್ನು ತಟ್ಟಿ ನೇರ ಮಾಡಿ ಮತ್ತೆ ಬಳಸುವುದು ಕಷ್ಟ. ಸೇನೆಯ ವರದಿಯ ಲೆಕ್ಕದಲ್ಲಿ ನಾಶವಾದದ್ದು 115 ಮೈಲಿ ಹಳಿ, 61 ಸೇತುವೆ, 20 ಎಂಜಿನ್. ಮೆರಿಡಿಯನ್ ಎಂಬುದು ಇನ್ನಿಲ್ಲ ಎಂದೇ ಶರ್ಮನ್ ಬರೆದುಕೊಂಡ. ಆದರೆ ಕೆಲವೇ ವಾರಗಳಲ್ಲಿ ದಕ್ಷಿಣದವರು ಹಳಿಗಳನ್ನು ದುರಸ್ತಿ ಮಾಡಿ ಗಾಡಿ ಓಡಿಸತೊಡಗಿದರು. ನಾಶಕ್ಕೆ ಕಾರಣವಾದದ್ದೇ ಮರುನಿರ್ಮಾಣಕ್ಕೂ ಕಾರಣವಾಯಿತು: ಹಳಿಗಳು ಕೂಡುವ ಜಾಗ ಹತ್ತಿರದಲ್ಲಿ ಬೇರೊಂದಿರಲಿಲ್ಲ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಎರಡು ಹಳಿ ಕೂಡುವುದೇ ಊರಿನ ಭಾಗ್ಯವಾಗಿದ್ದರೆ ಅದೇ ಮಿಸಿಸಿಪ್ಪಿಯ ಉತ್ತರದ ಕೊರಿಂತ್ ಏಕೆ ಬೆಳೆಯಲಿಲ್ಲ? ಅಲ್ಲೂ ಮೊಬೀಲ್ ಅಂಡ್ ಓಹಾಯೊ ಹಳಿಯನ್ನು ಮೆಂಫಿಸ್–ಚಾರ್ಲ್ಸ್‌ಟನ್ ಹಳಿ ಅಡ್ಡ ಹಾಯುತ್ತಿತ್ತು, ಅದಕ್ಕಾಗಿ 1862ರಲ್ಲಿ ಭಾರಿ ಕಾಳಗಗಳೂ ನಡೆದವು. ಕೊರಿಂತ್ ಈಗಲೂ 15,000 ಜನ ದಾಟದ ಪಟ್ಟಣ. ಎರಡೂ ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕೊರಿಂತ್‌ನಲ್ಲಿ ಎರಡು ಹಳಿಗಳು ಒಂದನ್ನೊಂದು ದಾಟಿ ತಮ್ಮ ದಾರಿ ಹಿಡಿದವು. ಮೆರಿಡಿಯನ್‌ನಲ್ಲಿ ಹಳಿಗಳು ಬಂದು ಮುಗಿದವು. ಪಶ್ಚಿಮದಿಂದ ವಿಕ್ಸ್‌ಬರ್ಗ್ ಕಂಪನಿಯ ಹಳಿ ಬಂದು ಇಲ್ಲಿ ಮುಗಿಯಿತು. ಈಶಾನ್ಯದ ಚಾಟನೂಗದಿಂದ ಬರ್ಮಿಂಗ್‌ಹ್ಯಾಮ್ ಮೇಲೆ ಬಂದ ಅಲಬಾಮಾ ಗ್ರೇಟ್ ಸದರ್ನ್ ಇಲ್ಲಿಗೆ ಮುಗಿಯಿತು. ನ್ಯೂ ಆರ್ಲಿಯನ್ಸ್ ಅಂಡ್ ನಾರ್ತ್‌ಈಸ್ಟರ್ನ್ 1883ರಲ್ಲಿ ಕೆಳಗಿನಿಂದ ಬಂದು ಇಲ್ಲಿಯೇ ಕೊನೆಗೊಂಡಿತು. ಒಂದು ಕಂಪನಿಯ ಸರಹದ್ದು ಮುಗಿದು ಇನ್ನೊಂದರದು ಶುರುವಾಗುವಲ್ಲಿ ಬೋಗಿಗಳನ್ನು ಬಿಚ್ಚಬೇಕು, ಬೇರೆ ಗಾಡಿಗೆ ಜೋಡಿಸಬೇಕು, ಬಾಡಿಗೆಯ ಲೆಕ್ಕ ಬರೆಯಬೇಕು, ಎಂಜಿನ್ ತಿರುಗಿಸಬೇಕು. 1880ರಲ್ಲಿ 4,008 ಇದ್ದ ಜನಸಂಖ್ಯೆ 1890ಕ್ಕೆ 10,624 ಆಯಿತು. ನ್ಯೂ ಆರ್ಲಿಯನ್ಸ್ ಹಳಿ ಬಂದು ಮುಗಿದದ್ದು ಆ ಹತ್ತು ವರ್ಷಗಳ ನಡುವೆಯೇ.

ಉಗಿ ಎಂಜಿನ್ನಿನ ಕಾಲದಲ್ಲಿ ಗಾಡಿ ನಿಲ್ಲುವುದೆಂದರೆ ಏನೆಂದು ಇಂದಿನವರಿಗೆ ಬಿಡಿಸಿ ಹೇಳಬೇಕು. ಎಂಜಿನ್‌ಗೆ ನೀರು ತುಂಬಬೇಕು, ಕಲ್ಲಿದ್ದಲು ಹಾಕಬೇಕು, ಒಲೆಯ ಬೂದಿ ಕೆರೆದು ತೆಗೆಯಬೇಕು, ಕೀಲುಗಳಿಗೆ ಎಣ್ಣೆ ಬಿಡಬೇಕು. ಗೂಡ್ಸ್ ಗಾಡಿಯ ಸಿಬ್ಬಂದಿಗೆ 100 ಮೈಲಿ ಓಟವೇ ಒಂದು ದಿನದ ದುಡಿಮೆ ಎಂಬ ಲೆಕ್ಕ ಅಮೆರಿಕದ ರೈಲ್ವೆಯಲ್ಲಿ ಬಹುಕಾಲ ನಡೆಯಿತು. ಮೆರಿಡಿಯನ್‌ನಿಂದ ಜಾಕ್ಸನ್ ಹೆಚ್ಚುಕಡಿಮೆ ಅಷ್ಟೇ ದೂರ. ಡ್ರೈವರ್, ಫೈರ್‌ಮನ್, ಬ್ರೇಕ್‌ಮನ್ ಇಲ್ಲಿ ಇಳಿದು ಉಂಡು, ಮಲಗಿ, ಮರುದಿನ ಇನ್ನೊಂದು ಗಾಡಿ ಹಿಡಿದು ವಾಪಸಾಗುತ್ತಿದ್ದರು. ಅವರಿಗಾಗಿ ಖಾನಾವಳಿ, ವಸತಿಗೃಹ, ಬಟ್ಟೆ ಒಗೆಯುವವರು, ಹೆಂಡದಂಗಡಿ. ಎಂಜಿನ್‌ಗಾಗಿ ಶೆಡ್ಡು, ವರ್ಕ್‌ಶಾಪು, ಎರಕದ ಮನೆ. ನ್ಯೂಯಾರ್ಕ್–ನ್ಯೂ ಆರ್ಲಿಯನ್ಸ್ ನಡುವೆ ಓಡಾಡುವ ನಾಟಕ ಕಂಪನಿಗಳೂ ಇಲ್ಲಿ ಇಳಿದು ಒಂದು ಪ್ರದರ್ಶನ ಕೊಟ್ಟು ಮುಂದೆ ಹೋಗುತ್ತಿದ್ದವು. ಮಾರ್ಕ್ಸ್ ಮತ್ತು ರಾಥೆನ್‌ಬರ್ಗ್ ಎಂಬ ಯಹೂದಿ ವ್ಯಾಪಾರಿ ಕುಟುಂಬದವರು ಕಟ್ಟಿಸಿದ ಗ್ರ್ಯಾಂಡ್ ಆಪೆರಾ ಹೌಸ್ 1890ರ ಡಿಸೆಂಬರಿನಲ್ಲಿ ಬಾಗಿಲು ತೆರೆದದ್ದು ಆ ಭರವಸೆಯ ಮೇಲೆ. ಹತ್ತು ಸಾವಿರ ಜನರ ಊರೊಂದು ತನ್ನ ದುಡ್ಡಿನಲ್ಲಷ್ಟೇ ಅಂಥ ರಂಗಮಂದಿರವನ್ನು ಸಾಕಲಾರದು.

ಊರನ್ನು ಬೆಳೆಸಿದ್ದು ರೈಲಲ್ಲ, ಮರ ಮತ್ತು ಹತ್ತಿ ಎನ್ನುವವರಿದ್ದಾರೆ. ಮರದ ವ್ಯಾಪಾರ ದೊಡ್ಡದಾಗಿತ್ತು, ನಿಜ. ಆದರೆ ಪೈನ್ ಕಾಡು ದಕ್ಷಿಣ ಮಿಸಿಸಿಪ್ಪಿಯ ಉದ್ದಗಲಕ್ಕೂ ಇತ್ತು. ಮರ ಕೊಯ್ಯುವ ಊರುಗಳು ಕಾಡು ಮುಗಿದೊಡನೆ ಖಾಲಿಯಾದವು; ಮೆರಿಡಿಯನ್ ಹಾಗೆ ಖಾಲಿಯಾಗಲಿಲ್ಲ. ಏಕೆಂದರೆ ಇಲ್ಲಿ ಮರ ಕೊಯ್ಯುವುದರ ಜತೆಗೆ ಮರ ಕೊಯ್ಯುವ ಗಿರಣಿಗೆ ಬೇಕಾದ ಯಂತ್ರಗಳನ್ನೂ ಮಾಡುತ್ತಿದ್ದರು. 1890ರ ದಶಕದಲ್ಲಿ ಶುರುವಾದ ಸೂಲೆ ಸ್ಟೀಮ್ ಫೀಡ್ ವರ್ಕ್ಸ್ ಗಿರಣಿಗಳಲ್ಲಿ ದಿಮ್ಮಿಯನ್ನು ಗರಗಸದ ಕಡೆಗೆ ನೂಕುವ ಉಗಿಯಂತ್ರವನ್ನು ತಯಾರಿಸಿ ನಾಲ್ಕು ದಿಕ್ಕಿಗೂ ಕಳಿಸುತ್ತಿತ್ತು. ನಾಲ್ಕು ದಿಕ್ಕಿಗೂ ಕಳಿಸಬಲ್ಲ ಊರಿನಲ್ಲಿ ಮಾತ್ರ ಆ ಕಾರ್ಖಾನೆಗೆ ಅರ್ಥವಿತ್ತು. ಅದರ ಕಟ್ಟಡ ಈಗ ವಸ್ತುಸಂಗ್ರಹಾಲಯ.

ನಿಲುಗಡೆಯ ಊರಿಗೆ ಹೊರಗಿನವರು ಬಂದು ಸೇರುತ್ತಾರೆ, ಬಂದವರು ಬೇರೆ ಊರಿನ ಕೂಲಿಯ ದರವನ್ನೂ ಬೇರೆ ಸುದ್ದಿಯನ್ನೂ ತರುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಅಲಬಾಮಾದ ತೋಟಗಳನ್ನು ಬಿಟ್ಟು ಹೆಚ್ಚಿನ ಕೂಲಿಗಾಗಿ ಇಲ್ಲಿಗೆ ಬಂದರು. ಅವರನ್ನು ಹಿಂದಕ್ಕೆ ಎಳೆದೊಯ್ಯಲು ಅಲಬಾಮಾದ ಬಿಳಿಯರೂ ಆಯುಧ ಹಿಡಿದು ಬಂದರು. 1871ರ ಮಾರ್ಚಿನಲ್ಲಿ ಕಪ್ಪು ಮುಖಂಡರ ವಿಚಾರಣೆ ನಡೆಯುತ್ತಿದ್ದ ನ್ಯಾಯಾಲಯದಲ್ಲೇ ಗುಂಡು ಹಾರಿತು, ನ್ಯಾಯಾಧೀಶ ಸತ್ತ. ಆಮೇಲಿನ ದಿನಗಳಲ್ಲಿ ಸುಮಾರು 30 ಕಪ್ಪು ಜನರನ್ನು ಕೊಂದರೆಂದು ಅಂದಾಜು. ರಿಪಬ್ಲಿಕನ್ ಮೇಯರ್ ವಿಲಿಯಂ ಸ್ಟರ್ಜಿಸ್‌ನನ್ನು ರೈಲು ಹತ್ತಿಸಿ ಉತ್ತರಕ್ಕೆ ಕಳಿಸಿದರು. ಹಳಿ ದಾರಿಯನ್ನು ತೆರೆಯಿತು ಎನ್ನಬಹುದು. ಆ ದಾರಿಯಲ್ಲಿ ಯಾರು ಬರಬೇಕು, ಯಾರು ಉಳಿಯಬೇಕು ಎಂಬುದನ್ನು ಬಂದೂಕೂ ಕಾನೂನೂ ಸೇರಿ ನಿರ್ಧರಿಸಿದವು. ಮುಂದೆ ಬಂದ, ಕಪ್ಪು ಜನರನ್ನು ಬಿಳಿಯರಿಂದ ಬೇರೆಯಿಡುವ ಕಾನೂನುಗಳ ಕಾಲದಲ್ಲಿ, ನಿಲ್ಲಲೇಬೇಕಾದ ಈ ಊರಿನಲ್ಲಿ ಕಪ್ಪು ಪ್ರಯಾಣಿಕನಿಗೆ ತಂಗಲು ಜಾಗವಿರಲಿಲ್ಲ. ತಲೆಗೂದಲ ತೈಲಗಳ ತಯಾರಿಕೆಯಿಂದ ಮೇಲೆ ಬಂದ ಕಪ್ಪು ಉದ್ಯಮಿ ಇ. ಎಫ್. ಯಂಗ್ ಐದನೇ ಬೀದಿಯಲ್ಲಿ ಹೋಟೆಲು ತೆರೆದಾಗ ತುಂಬಿದ್ದು ಆ ಕೊರತೆಯನ್ನೇ.

ಅದೇ ಹಳಿಯ ಬದಿಯಲ್ಲಿ ಬೇರೆ ತರಹದ ಕೊಡುಕೊಳ್ಳುವಿಕೆಯೂ ನಡೆಯಿತು. ಗಾಯಕ ಜಿಮ್ಮಿ ರಾಜರ್ಸ್ 1897ರಲ್ಲಿ ಹುಟ್ಟಿದ. ಅವನ ತಂದೆ ಮೊಬೀಲ್ ಅಂಡ್ ಓಹಾಯೊದಲ್ಲಿ ಗ್ಯಾಂಗಿನ ಫೋರ್‌ಮನ್. ಹುಡುಗ ಕಪ್ಪು ಗ್ಯಾಂಗ್‌ಮನ್‌ಗಳಿಗೆ ನೀರು ಹೊರುತ್ತ, ಹಳಿ ಸರಿಸುವಾಗ ಅವರು ಒಟ್ಟಾಗಿ ಹೇಳುತ್ತಿದ್ದ ಹಾಡುಗಳ ಲಯವನ್ನು ಕಲಿತ. ಮುಂದೆ ಬ್ರೇಕ್‌ಮನ್ ಆದ. ಕ್ಷಯ ತಗಲಿ ರೈಲ್ವೆ ಕೆಲಸ ಬಿಡಬೇಕಾಯಿತು. 1927ರ ಆಗಸ್ಟಿನಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ ಮೊದಲ ಧ್ವನಿಮುದ್ರಣ. ಮುಂದಿನ ಆರು ವರ್ಷದೊಳಗೆ ಅವನು ಕಂಟ್ರಿ ಸಂಗೀತದ ಪಿತಾಮಹ ಅನ್ನಿಸಿಕೊಂಡು, 1933ರಲ್ಲಿ 35ರ ವಯಸ್ಸಿಗೆ ಸತ್ತ. ಬಿಳಿಯರ ಸಂಗೀತ ಎಂದು ಮಾರಾಟವಾದ ಅವನ ಹಾಡುಗಳ ಬೇರು ಕಪ್ಪು ಕೂಲಿಗಳ ಬ್ಲೂಸ್‌ನಲ್ಲಿತ್ತು. ನೀರು ಹೊತ್ತ ಹುಡುಗನಿಗೆ ಪ್ರತಿಮೆಯೂ ಸ್ಮಾರಕವೂ ಸಿಕ್ಕವು. ಹಾಡು ಕಲಿಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಹಿಂಸೆಯ ಕಥೆಯೂ 1871ಕ್ಕೆ ಮುಗಿಯಲಿಲ್ಲ. 1964ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ಸುತ್ತಲ ಜಿಲ್ಲೆಗಳ ಕೆಲಸಕ್ಕೆ ಕಚೇರಿ ತೆರೆದದ್ದೂ ಮೆರಿಡಿಯನ್‌ನ ಕಪ್ಪು ಜನರ ಅಂಗಡಿಬೀದಿಯಲ್ಲೇ. ಇದೇ ಊರಿನ ಹುಡುಗ ಜೇಮ್ಸ್ ಚೇನಿಯನ್ನೂ ನ್ಯೂಯಾರ್ಕಿನಿಂದ ಬಂದಿದ್ದ ಮೈಕಲ್ ಶ್ವೆರ್ನರ್, ಆಂಡ್ರೂ ಗುಡ್‌ಮನ್ ಅವರನ್ನೂ ಆ ಜೂನ್ 21ರ ರಾತ್ರಿ ನೆರೆಯ ನೆಶೋಬಾ ಕೌಂಟಿಯಲ್ಲಿ ಕೊಂದರು. ಆರೋಪಿಗಳ ವಿಚಾರಣೆ 1967ರಲ್ಲಿ ಮೆರಿಡಿಯನ್‌ನ ಫೆಡರಲ್ ನ್ಯಾಯಾಲಯದಲ್ಲೇ ನಡೆದು ಏಳು ಮಂದಿಗೆ ಶಿಕ್ಷೆಯಾಯಿತು.

ಊರು ಕುಗ್ಗಿದ್ದಕ್ಕೆ ಈ ಹಿಂಸೆಯೇ ಕಾರಣ, ರೈಲಲ್ಲ ಎನ್ನಬಹುದೇ? ಕಪ್ಪು ಜನ ಉತ್ತರದ ನಗರಗಳಿಗೆ ವಲಸೆ ಹೋದದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಅದೇ ಹಿಂಸೆಯ ರಾಜ್ಯದಲ್ಲಿ ಜಾಕ್ಸನ್ ಬೆಳೆಯುತ್ತಲೇ ಹೋಯಿತು: 1930ರಲ್ಲಿ ಅದರ ಜನಸಂಖ್ಯೆ 48,282, ಮೆರಿಡಿಯನ್‌ನದು 31,954. ರಾಜಧಾನಿಗೆ ಸರ್ಕಾರದ ಕಚೇರಿಗಳಿದ್ದವು. ಗಾಡಿ ನಿಂತರೂ ನಿಲ್ಲದಿದ್ದರೂ ಜನ ಅಲ್ಲಿಗೆ ಬರಲೇಬೇಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಮೆರಿಡಿಯನ್‌ನ ಜನಸಂಖ್ಯೆ ತುತ್ತತುದಿ ಮುಟ್ಟಿದ್ದು 1960ರಲ್ಲಿ, 49,374. ಡೀಸೆಲ್ ಎಂಜಿನ್ ಬಂದು ನೀರು-ಬೂದಿಯ ಕೆಲಸ ಆಗಲೇ ಇಲ್ಲವಾಗಿತ್ತು, ಕಂಪನಿಗಳು ಒಂದರೊಳಗೊಂದು ಸೇರಿ ಕೆಲವು ಸರಹದ್ದುಗಳೂ ಅಳಿಸಿದ್ದವು. ನನ್ನ ವಾದ ನಿಜವಾಗಿದ್ದರೆ ಊರು ಅಷ್ಟರಲ್ಲಿ ಇಳಿಮುಖವಾಗಿರಬೇಕಿತ್ತು. ಆದರೆ ನಿಲುಗಡೆ ಕಟ್ಟಿಕೊಟ್ಟ ಸಂಸ್ಥೆಗಳು ನಿಲುಗಡೆಗಿಂತ ಹೆಚ್ಚು ಕಾಲ ಬದುಕುತ್ತವೆ. ಆಸ್ಪತ್ರೆಗಳು, ಸಗಟು ಮಳಿಗೆಗಳು, ಬ್ಯಾಂಕುಗಳು ಒಮ್ಮೆ ಬೇರೂರಿದರೆ ಸುತ್ತಲ ಹಳ್ಳಿಗಳ ಜನ ಅಲ್ಲಿಗೇ ಬರುತ್ತಿರುತ್ತಾರೆ. 1961ರಲ್ಲಿ ನೌಕಾಪಡೆಯ ವಿಮಾನ ತರಬೇತಿ ನೆಲೆಯೂ ಬಂತು. ಏಟು ಬಿದ್ದದ್ದು ತಡವಾಗಿ, ಆದರೆ ಬಿದ್ದಿತು. 1960ರ ನಂತರ ಅಂತರರಾಜ್ಯ ಹೆದ್ದಾರಿಗಳಾದ 20 ಮತ್ತು 59 ಇಲ್ಲಿ ಕೂಡಿದವು. ಭೂಪಟದಲ್ಲಿ ನೋಡಿದರೆ ಹಳೆಯ ಜಂಕ್ಷನ್ನಿನದೇ ನಕಲು. ಆದರೆ ಕಾರಿನವನು ಪೆಟ್ರೋಲು ಹಾಕಿಸಿ ಕಾಲು ಗಂಟೆಯಲ್ಲಿ ಹೊರಟುಬಿಡುತ್ತಾನೆ. ಅವನನ್ನು ಒಂದು ರಾತ್ರಿ ತಡೆದು ನಿಲ್ಲಿಸುವ ಕಾರಣ ಯಾವುದೂ ಇಲ್ಲ.

ಈ ಊರಿನ ಇತಿಹಾಸದಲ್ಲೊಂದು ತಮಾಷೆಯಿದೆ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಊರಿನ ವಿಮಾನ ನಿಲ್ದಾಣ ಮುಚ್ಚುವ ಹಂತಕ್ಕೆ ಬಂದಾಗ ಅಲ್ ಮತ್ತು ಫ್ರೆಡ್ ಕೀ ಎಂಬ ಸೋದರರು 1935ರ ಜೂನ್ 4ರಂದು ಸಣ್ಣದೊಂದು ವಿಮಾನದಲ್ಲಿ ಹಾರಿ, ಗಾಳಿಯಲ್ಲೇ ಕೊಳವೆಯಿಂದ ಇಂಧನ ತುಂಬಿಸಿಕೊಳ್ಳುತ್ತ ಜುಲೈ 1ರವರೆಗೆ ನೆಲಕ್ಕಿಳಿಯದೆ ಸುತ್ತುತ್ತಲೇ ಇದ್ದರು. ಗಾಡಿ ನಿಂತು ಬೆಳೆದ ಊರು ನಿಲ್ಲದೆ ಹಾರಿ ಹೆಸರು ಮಾಡಿತು.

ಈಗಲೂ ಮೆರಿಡಿಯನ್ ದೊಡ್ಡ ರೈಲು ಜಂಕ್ಷನ್ನೇ. ಇಲ್ಲಿಂದ ಲೂಸಿಯಾನದ ಶ್ರೀವ್‌ಪೋರ್ಟ್‌ವರೆಗಿನ ಹಳಿಗೆ ಮೆರಿಡಿಯನ್ ಸ್ಪೀಡ್‌ವೇ ಎಂದೇ ಹೆಸರು. ಅದರ ಮೇಲೆ ಕಂಟೇನರ್ ಗಾಡಿಗಳು ಖಂಡದ ಈ ತುದಿಯಿಂದ ಆ ತುದಿಗೆ ಓಡುತ್ತವೆ. ಸರಕು ನೂರು ವರ್ಷದ ಹಿಂದಿಗಿಂತ ಹೆಚ್ಚೇ ಇರಬಹುದು, ಆದರೆ ಮುಚ್ಚಿದ ಪೆಟ್ಟಿಗೆಯೊಳಗೆ ಹೋಗುವ ಸರಕು ಊರಿನ ಯಾರ ಕೈಗೂ ತಾಗುವುದಿಲ್ಲ. ಊರಿನವರು ಇದನ್ನು ಅರಿಯದವರಲ್ಲ. 1906ರ ಯೂನಿಯನ್ ಸ್ಟೇಷನ್ ಇದ್ದ ಜಾಗದಲ್ಲಿ ಮೇಯರ್ ಜಾನ್ ರಾಬರ್ಟ್ ಸ್ಮಿತ್ 1997ರಲ್ಲಿ ರೈಲು, ಬಸ್ಸು ಎಲ್ಲ ಒಂದೆಡೆ ಸೇರುವ ನಿಲ್ದಾಣ ಕಟ್ಟಿಸಿದರು. ಆಪೆರಾ ಹೌಸ್ 2006ರಲ್ಲಿ ಮತ್ತೆ ತೆರೆಯಿತು. ಬಹುಕಾಲ ಖಾಲಿ ಬಿದ್ದಿದ್ದ 16 ಅಂತಸ್ತಿನ ತ್ರೀಫುಟ್ ಕಟ್ಟಡ ಹೋಟೆಲಾಯಿತು. ನ್ಯೂಯಾರ್ಕ್–ನ್ಯೂ ಆರ್ಲಿಯನ್ಸ್ ನಡುವಿನ ಕ್ರೆಸೆಂಟ್ ಗಾಡಿಯನ್ನು ಇಲ್ಲಿ ಎರಡಾಗಿ ಒಡೆದು, ಕೆಲವು ಬೋಗಿಗಳನ್ನು ಪಶ್ಚಿಮಕ್ಕೆ ಡಲ್ಲಾಸ್ ಕಡೆಗೆ ಕಳಿಸಬೇಕೆಂಬ ಪ್ರಸ್ತಾಪವೂ ದಶಕಗಳಿಂದ ಇದೆ. ಬರೀ ಇನ್ನೊಂದು ಗಾಡಿ ಹಾದುಹೋಗುವುದಕ್ಕಿಂತ ಅದು ಊರಿಗೆ ಹೆಚ್ಚು ಲಾಭದ್ದು, ಏಕೆಂದರೆ ಬೋಗಿ ಬಿಚ್ಚುವ ಜಾಗದಲ್ಲಿ ಗಾಡಿ ನಿಲ್ಲಲೇಬೇಕು. ಅದರಿಂದ ಒಂದಷ್ಟು ಜನರಿಗೆ ಕೆಲಸ, ಹೋಟೆಲಿಗೆ ಒಂದಷ್ಟು ಗಿರಾಕಿ ಸಿಕ್ಕೀತು. 1890ರ ದಶಕದ ಊರು ಅದರಿಂದ ಮರಳಿ ಬರುತ್ತದೆಂದು ನಂಬುವುದಕ್ಕೆ ಮಾತ್ರ ನನಗೆ ಆಧಾರ ಕಾಣುವುದಿಲ್ಲ.