ಒಡೆಯನಿಲ್ಲದಂತೆ ತೋರುವ ಸ್ವತ್ತು: ಒಂದು ನೈತಿಕ ವಿಚಾರಣೆ

ದಾರಿಯಲ್ಲಿ ಬಿದ್ದಿರುವ ಹಣದ ಚೀಲ, ವರ್ಷಗಟ್ಟಲೆ ಬೀಗ ಹಾಕಿರುವ ಮನೆ, ಬೀಳುಬಿದ್ದ ಹೊಲ: ಇವುಗಳನ್ನು ತನ್ನದಾಗಿಸಿಕೊಳ್ಳುವುದು ಕಳ್ಳತನವೇ? ಸಭಾಪಾಲಕರ ಮುಂದೆ ಈ ಪ್ರಶ್ನೆ ಬರುವಾಗ “ಅದಕ್ಕೆ ಕೇಳುವವರು ಯಾರೂ ಇರಲಿಲ್ಲ” ಎಂಬ ಸಮರ್ಥನೆಯೂ ಜೊತೆಯಲ್ಲೇ ಬರುವುದುಂಟು. ಆ ಸಮರ್ಥನೆಯನ್ನು ಇಲ್ಲಿ ಪರಿಶೀಲಿಸೋಣ.

ಧರ್ಮೋಪದೇಶಕಾಂಡ 22:1-3ರ ಪ್ರಕಾರ, ತಪ್ಪಿಸಿಕೊಂಡ ಪಶುವನ್ನಾಗಲಿ ಕಳೆದುಹೋದ ಬಟ್ಟೆಯನ್ನಾಗಲಿ ಕಂಡವನು ಕಾಣದವನಂತೆ ಹೋಗಕೂಡದು. ಒಡೆಯನು ಯಾರೆಂದು ತಿಳಿಯದಿದ್ದರೆ ಅವನು ಹುಡುಕಿಕೊಂಡು ಬರುವ ತನಕ ಅದನ್ನು ಕಾಪಾಡಬೇಕು. ವಿಮೋಚನಕಾಂಡ 23:4 ಈ ಕರ್ತವ್ಯವನ್ನು ವೈರಿಯ ಪಶುವಿಗೂ ವಿಸ್ತರಿಸುತ್ತದೆ. ಸಿಕ್ಕಿದ್ದನ್ನು ಸಿಕ್ಕಿಲ್ಲವೆಂದು ಸುಳ್ಳಾಡಿದವನು ಅದರ ಜೊತೆಗೆ ಐದನೆಯ ಒಂದು ಪಾಲನ್ನು ಕೂಡಿಸಿ ಹಿಂದಿರುಗಿಸಬೇಕೆಂದು ಯಾಜಕಕಾಂಡದ 6ನೆಯ ಅಧ್ಯಾಯ ವಿಧಿಸುತ್ತದೆ. ಆ ಅಪರಾಧವನ್ನು ಕರ್ತನಿಗೇ ಮಾಡಿದ ದ್ರೋಹವೆಂದು ಎಣಿಸುತ್ತದೆ.

ಹಾಗಾದರೆ ಸಿಕ್ಕಿದ ವಸ್ತು ಎಂದಿಗೂ ಸಿಕ್ಕಿದವನದಾಗದೇ? ಯೆಹೂದ್ಯರ ಮಿಶ್ನಾ ಗ್ರಂಥವು ಇಲ್ಲೊಂದು ಭೇದವನ್ನು ತೋರಿಸುತ್ತದೆ. ಗುರುತಿರುವ ವಸ್ತುವನ್ನು ಸಾರಿ ತಿಳಿಸಬೇಕು. ಚೆದರಿಬಿದ್ದ ನಾಣ್ಯಗಳಂತೆ ಗುರುತಿಲ್ಲದವುಗಳನ್ನು ಇಟ್ಟುಕೊಳ್ಳಬಹುದು. ಅವುಗಳ ಒಡೆಯನು ಆಸೆ ಬಿಟ್ಟಿರುವನೆಂಬುದು ಇದಕ್ಕೆ ಆಧಾರ. ಥಾಮಸ್ ಅಕ್ವಿನಾಸನೂ ಹಾಗೆಯೇ ವಿವೇಚಿಸುತ್ತಾನೆ: ಒಡೆಯನು ತ್ಯಜಿಸಿದ್ದಾನೆಂದು ನಿಜವಾಗಿ ನಂಬಿ ಇಟ್ಟುಕೊಂಡವನು ಕಳ್ಳನಲ್ಲ. ಎರಡು ಕಡೆಯೂ ನಿರ್ಣಾಯಕವಾದುದು ಒಡೆಯನ ಮನಸ್ಸು; ಕಂಡವನ ಅನುಕೂಲವಲ್ಲ.

ತ್ಯಾಗವು ಒಡೆಯನ ಇಚ್ಛೆಯ ಕಾರ್ಯವಾದುದರಿಂದ ಬರಿಯ ಗೈರುಹಾಜರಿಯು ತ್ಯಾಗವಲ್ಲ. 2 ಅರಸುಗಳು 8:1-6 ಇದಕ್ಕೆ ಸ್ಪಷ್ಟ ನಿದರ್ಶನ. ಶೂನೇಮಿನ ಸ್ತ್ರೀಯು ಕ್ಷಾಮದ ನಿಮಿತ್ತ ಏಳು ವರುಷ ಫಿಲಿಷ್ಟಿಯರ ದೇಶದಲ್ಲಿದ್ದು ಹಿಂದಿರುಗಿ, ತನ್ನ ಮನೆಹೊಲಗಳಿಗಾಗಿ ಅರಸನಿಗೆ ಮೊರೆಯಿಡುತ್ತಾಳೆ. ಅರಸನು ಭೂಮಿಯನ್ನು ಮಾತ್ರವಲ್ಲ, ಆಕೆ ಬಿಟ್ಟುಹೋದ ದಿನದಿಂದ ಬಂದ ಹುಟ್ಟುವಳಿಯನ್ನೂ ಕೊಡಿಸುತ್ತಾನೆ. ಸಂಕಟದಿಂದ ಊರು ಬಿಟ್ಟವರು ಹಕ್ಕು ಬಿಟ್ಟವರಲ್ಲ. ಬರದಿಂದಲೋ ಸಾಲದಿಂದಲೋ ಗುಳೆ ಹೋದವರ ಗುಡಿಸಲು ಮತ್ತು ಹಿತ್ತಲುಗಳನ್ನು ಒತ್ತುವರಿ ಮಾಡುವವರಿಗೆ ಸಭೆಯು ಈ ಭಾಗವನ್ನು ಓದಿ ಹೇಳಬೇಕು.

ಅಗಸ್ಟೀನನು ತನ್ನ ಒಂದು ಪ್ರಸಂಗದಲ್ಲಿ ಮಿಲಾನಿನ ಬಡವನೊಬ್ಬನನ್ನು ನೆನೆಯುತ್ತಾನೆ. ಸುಮಾರು 200 ಚಿನ್ನದ ನಾಣ್ಯಗಳ ಚೀಲ ಸಿಕ್ಕಿದಾಗ ಅವನು ಪ್ರಕಟಣೆ ಹಾಕಿಸಿ, ಗುರುತುಗಳನ್ನು ಕೇಳಿ ಒಡೆಯನಿಗೆ ಒಪ್ಪಿಸಿದನು. ಒತ್ತಾಯಕ್ಕೆ ಪಡೆದ ಬಹುಮಾನವನ್ನು ಬಡವರಿಗೆ ಹಂಚಿದನು. ಬಡತನವು ಅವನಿಗೆ ನೆಪವಾಗಲಿಲ್ಲ.

ನಮ್ಮ ದೇಶದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮೂ ಒಡೆಯನನ್ನು ಪತ್ತೆಹಚ್ಚಲು ಯುಕ್ತವಾದ ಪ್ರಯತ್ನ ಮಾಡದೆ, ಯುಕ್ತ ಕಾಲ ಕಾಯದೆ ವಸ್ತುವನ್ನು ಸ್ವಂತಕ್ಕೆ ಬಳಸಿಕೊಂಡವನನ್ನು ಅಪರಾಧಿಯೆಂದು ಪರಿಗಣಿಸುತ್ತದೆ. ಕಾನೂನು ಇಷ್ಟನ್ನು ಕೇಳುವಾಗ ಕ್ರೈಸ್ತ ಮನಸ್ಸಾಕ್ಷಿ ಕಡಿಮೆ ಕೇಳಲಾರದು.

ಆದುದರಿಂದ ಆಲೋಚನೆ ಕೇಳಿ ಬಂದವರ ಮುಂದೆ ಬೋಧಕರು ಮೂರು ಪ್ರಶ್ನೆಗಳನ್ನಿಡಬಹುದು. ಒಡೆಯನು ಇದನ್ನು ತ್ಯಜಿಸಿದನೋ, ಕಳೆದುಕೊಂಡನೋ, ನಿರುಪಾಯನಾಗಿ ಬಿಟ್ಟುಹೋದನೋ? ಅವನನ್ನು ಹುಡುಕಲು ನೀವು ಏನು ಮಾಡಿದಿರಿ? ಅವನು ನಾಳೆ ಬಾಗಿಲಿಗೆ ಬಂದರೆ ಸಂತೋಷದಿಂದ ಒಪ್ಪಿಸುವಿರಾ? ಮೂರನೆಯದಕ್ಕೆ ಉತ್ತರಿಸಲು ಹಿಂಜರಿಯುವವನು ಆ ಸ್ವತ್ತಿಗೆ ಒಡೆಯನಿರುವನೆಂದು ಒಳಗೊಳಗೇ ಬಲ್ಲನು.