ಗಣಕಯಂತ್ರದ ಕೋಳಿನಿದ್ದೆ

ಗಣಕಯಂತ್ರವೂ ನಿದ್ರಿಸುತ್ತದೆ ಎಂದರೆ ಕೆಲವರಿಗೆ ನಗು ಬಂದೀತು. ಆದರೆ ಅದು ದಿಟ. ನಾವು ಒಂದು ಅಕ್ಷರವನ್ನು ಒತ್ತಿ ಮತ್ತೊಂದನ್ನು ಒತ್ತುವುದರೊಳಗಾಗಿ ಅದರ ಪ್ರೊಸೆಸರು ಹಲವು ಬಾರಿ ಮಲಗಿ ಎದ್ದಿರುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟು ಹೊತ್ತು ಬಾಳುವುದೆಂಬುದು ಈ ನಿದ್ದೆಯನ್ನೂ ಅವಲಂಬಿಸಿದೆ.

ನಿದ್ದೆಯಿಂದ ಎಬ್ಬಿಸುವುದು ಒಳಗಿನ ಗಡಿಯಾರ. ವಿಂಡೋಸ್ ವ್ಯವಸ್ಥೆಯಲ್ಲಿ ಅದು ವಾಡಿಕೆಯಾಗಿ ಸೆಕೆಂಡಿಗೆ 64 ಸಲ, ಎಂದರೆ ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ ಬಡಿಯುತ್ತದೆ. ‘10 ಮಿಲಿಸೆಕೆಂಡಿನ ತರುವಾಯ ಎಬ್ಬಿಸು’ ಎಂದು ಹೇಳಿ ಮಲಗಿದ ತಂತ್ರಾಂಶವು ಮುಂದಿನ ಬಡಿತದವರೆಗೂ ಕಾಯಬೇಕು. ಹೀಗೆ 100 ಸಾರಿ ಮಲಗಿ ಎದ್ದರೆ, ಒಂದು ಸೆಕೆಂಡಿನಲ್ಲಿ ಮುಗಿಯಬೇಕಾದುದು ಒಂದೂವರೆ ಸೆಕೆಂಡನ್ನು ದಾಟುತ್ತದೆ. ಅದೇ ತಂತ್ರಾಂಶ ಲಿನಕ್ಸ್ ವ್ಯವಸ್ಥೆಯಲ್ಲಿ ಹೆಚ್ಚುಕಡಿಮೆ ಹೇಳಿದ ಹೊತ್ತಿಗೇ ಏಳುತ್ತದೆ. ಒಂದೇ ಬರಹ, ಎರಡು ಮನೆಗಳಲ್ಲಿ ಎರಡು ನಡತೆ!

ಇದಕ್ಕೆ ಸುಲಭವಾದ ಉಪಾಯವೊಂದುಂಟು. ಗಡಿಯಾರವು ಮಿಲಿಸೆಕೆಂಡಿಗೊಮ್ಮೆ ಬಡಿಯುವಂತೆ ತಂತ್ರಾಂಶವು ಕೋರಬಹುದು. ಸಂಗೀತ, ಚಲಚ್ಚಿತ್ರ, ಆಟಗಳಿಗೆ ಇದು ಅನುಕೂಲ. ಆದರೆ ಸೆಕೆಂಡಿಗೆ 1000 ಸಲ ಬಾಗಿಲು ತಟ್ಟಿದರೆ ಗಾಢನಿದ್ರೆ ಎಲ್ಲಿಂದ ಬರಬೇಕು? ಬ್ಯಾಟರಿ ಬೇಗನೆ ಬರಿದಾಗುತ್ತದೆ. 2020ಕ್ಕೆ ಮುಂಚೆಯಂತೂ ಒಂದು ತಂತ್ರಾಂಶದ ಕೋರಿಕೆ ಯಂತ್ರದಲ್ಲಿದ್ದ ಎಲ್ಲಕ್ಕೂ ಅನ್ವಯಿಸುತ್ತಿತ್ತು. ಒಬ್ಬನು ನಸುಕಿನ ರೈಲು ಹಿಡಿಯಬೇಕೆಂದು ಛತ್ರದಲ್ಲಿ ಮಲಗಿದ್ದವರನ್ನೆಲ್ಲ ಎಬ್ಬಿಸಿದಂತೆ! ಆ ವರ್ಷದ ವಿಂಡೋಸ್ 10 ಆವೃತ್ತಿಯು ಈ ರೂಢಿಯನ್ನು ಬದಲಿಸಿತು.

ವ್ಯವಸ್ಥೆಗಳನ್ನು ಕಟ್ಟುವವರು ಅದಕ್ಕೂ ಮೊದಲೇ ಬೇರೆ ದಾರಿಗಳನ್ನು ಹುಡುಕಿದ್ದರು. 2007ರ ಲಿನಕ್ಸ್ 2.6.21, ಕೆಲಸವಿಲ್ಲದಾಗ ಬಡಿತವನ್ನೇ ನಿಲ್ಲಿಸಿ, ಮುಂದಿನ ಕೆಲಸದ ವೇಳೆಗೆ ಮಾತ್ರ ಏಳುವುದನ್ನು ಕಲಿತಿತು. 2009ರ ವಿಂಡೋಸ್ 7, ‘ಇಷ್ಟು ತಡವಾದರೂ ಚಿಂತೆಯಿಲ್ಲ’ ಎಂದು ತಿಳಿಸಲು ತಂತ್ರಾಂಶಗಳಿಗೆ ಅವಕಾಶವಿತ್ತಿತು. 2013ರಲ್ಲಿ ಆಪಲ್ ಸಂಸ್ಥೆಯ ಮ್ಯಾವರಿಕ್ಸ್, ಹತ್ತಿರಹತ್ತಿರದ ಕರೆಗಳನ್ನು ಒಟ್ಟುಗೂಡಿಸಿ ಒಂದೇ ಬಾರಿಗೆ ಎಬ್ಬಿಸತೊಡಗಿತು.

ಆದರೂ ತಂತ್ರಾಂಶ ಬರೆಯುವವನ ಹೊಣೆ ತೀರಲಿಲ್ಲ. ಎಷ್ಟು ಸಲ ಎದ್ದೆನೆಂದು ಎಣಿಸಿ ಕಾಲವನ್ನು ಅಳೆಯಬಾರದು. ಎದ್ದೊಡನೆ ಗಡಿಯಾರವನ್ನು ನೋಡಿ, ನಿಜವಾಗಿ ಕಳೆದ ಸಮಯವನ್ನು ತಿಳಿಯಬೇಕು. ಆಗ ಯಾವ ವ್ಯವಸ್ಥೆಯಲ್ಲಿಯೂ ಲೆಕ್ಕ ತಪ್ಪದು. ಸೂಕ್ಷ್ಮವಾದ ಬಡಿತವನ್ನು ಹಾಡು ನುಡಿಯುವಷ್ಟು ಹೊತ್ತು ಮಾತ್ರ ಪಡೆದು, ಮುಗಿದೊಡನೆ ಹಿಂದಿರುಗಿಸಬೇಕು. ಅಂಚೆ ಬಂದಿದೆಯೇ ಎಂದು ನೋಡುವ ತಂತ್ರಾಂಶವು ಒಂದೆರಡು ಸೆಕೆಂಡು ತಡವಾಗಿ ಎದ್ದರೆ ಯಾರಿಗೂ ನಷ್ಟವಿಲ್ಲ; ಬ್ಯಾಟರಿಗಂತೂ ಲಾಭವೇ.